ನಾಲ್ಕು ಸಾವಿರ ಫೋಟೋ, ಅದರಲ್ಲಿ ಒಂದೂ ಮುಖ ಇಲ್ಲ

ಶನಿವಾರ ಸಂಜೆ, ಹಿಂಜವಡಿ ಟ್ರಾಫಿಕ್ ದಾಟಿ ಬಂದಿದ್ದೀರಿ. ಅದಕ್ಕೇ ಮೊದಲು ಥ್ಯಾಂಕ್ಸ್.

ಪರದೆ ಮೇಲಿನ ಫೋಟೋ ನೋಡಿ. ಚೆನ್ನಾಗಿಲ್ಲ, ನನಗೂ ಗೊತ್ತು. ಕೈ ಅಲುಗಿದೆ, ಬೆಳಕು ಜಾಸ್ತಿ ಬಿದ್ದಿದೆ, ಬಲಗಡೆ ಯಾರದೋ ಅರ್ಧ ಭುಜ ಬಂದಿದೆ. ಧೋತರ ಉಟ್ಟು, ಗಾಂಧಿ ಟೋಪಿ ಹಾಕ್ಕೊಂಡು ಎಸ್ಕಲೇಟರ್ ಮುಂದೆ ನಿಂತವರು ನಮ್ಮ ಅಪ್ಪ. ಅವರ ಮೊಣಕೈ ಹಿಡಿದು ಬಗ್ಗಿರೋ ಹೆಣ್ಣುಮಗಳು ಆ ಮಾಲ್‌ನಲ್ಲಿ ನೆಲ ಒರೆಸೋ ಕೆಲಸದಲ್ಲಿದ್ದರು. ಅವರ ಮುಖ ಕಾಣೋದಿಲ್ಲ. ಅಪ್ಪನ ಕಾಲು ನೋಡ್ತಾ ಇದ್ದಾರೆ.

ಇವತ್ತಿನ ಮಾತು ಒಂದು ಮಾಲ್ ಖಾಲಿಯಾಗಿದ್ದನ್ನ ನಾನು ವರ್ಷಗಟ್ಟಲೆ ಫೋಟೋ ತೆಗೆದ ಕಥೆ. ಆದರೆ ಈ ಫೋಟೋ ಆ ನಾಲ್ಕು ಸಾವಿರದಲ್ಲಿ ಸೇರಿಲ್ಲ. ಯಾಕೆ ಸೇರಿಲ್ಲ ಅಂತ ಹೇಳೋಕೇ ಬಂದಿದ್ದೀನಿ.

ನಾನು ಪುಣೆಗೆ ಬಂದದ್ದು 2011ರಲ್ಲಿ. ಊರು ಬೈಲಹೊಂಗಲದ ಹತ್ತಿರ. ಆಫೀಸು ಮಗರಪಟ್ಟಾದಲ್ಲಿ, ಮನೆ ಮುಂಢವಾದ ಕೇಶವನಗರದಲ್ಲಿ. ಒಂದು ಬಿಎಚ್‌ಕೆ, ನಾಲ್ಕು ಹುಡುಗರು. ವಾರದಲ್ಲಿ ಐದು ದಿನ ಹೇಗೋ ಕಳೀತಿತ್ತು. ರವಿವಾರ ಬಂತು ಅಂದರೆ ಏನು ಮಾಡೋದು ಅಂತ ತಿಳೀತಿರಲಿಲ್ಲ. ತರಕಾರಿ ಮಂಡಿಗೆ ಹೋದರೆ ಮರಾಠಿ ಬೇಕು. ರಿಕ್ಷಾದವರ ಜೊತೆ ಚೌಕಾಸಿಗೆ ಮರಾಠಿ ಬೇಕು. ಪೇಠೆ ಕಡೆ ಹೋದರೆ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿದ ಅಂಗಡಿ ನಾಲ್ಕರ ತನಕ ತೆಗೆಯೋದಿಲ್ಲ. (ನಗು) ನಗ್ತೀರಿ, ನಿಮಗೂ ಆಗಿದೆ.

ಮಾಲ್‌ನಲ್ಲಿ ಈ ತೊಂದರೆ ಯಾವುದೂ ಇರಲಿಲ್ಲ. ಹರಕು ಮುರುಕು ಹಿಂದಿ ಸಾಕು. ಏಸಿ ಪುಕ್ಕಟೆ, ಶೌಚಾಲಯ ಸ್ವಚ್ಛ, ಮೂರು ತಾಸು ಸುಮ್ಮನೆ ಕೂತರೂ 'ಏನು ಬೇಕು' ಅಂತ ಯಾರೂ ಕೇಳೋದಿಲ್ಲ. ಹೊಸ ಊರಿನಲ್ಲಿ ಹೇಗೆ ನಡೀಬೇಕು, ಹೇಗೆ ಕೂರಬೇಕು ಅನ್ನೋದನ್ನ ನಾನು ಕಲಿತದ್ದು ಅಲ್ಲೇ. ಮೊದಲ ಸಂಬಳದ ಬೂಟು ಕೊಂಡದ್ದೂ ಮಾಲ್‌ನಲ್ಲೇ.

2012ರ ಮಾರ್ಚ್‌ನಲ್ಲಿ ನಮ್ಮ ಮನೆಗೆ ಹತ್ತಿರದಲ್ಲೇ ಕೋರೆಗಾಂವ್ ಪಾರ್ಕ್ ಪ್ಲಾಝಾ ಶುರುವಾಯ್ತು. ಕಟ್ಟಿಸಿದ್ದು ಪ್ಲಾಝಾ ಸೆಂಟರ್ಸ್ ಅನ್ನೋ ಕಂಪನಿ. ಪೂರ್ವ ಯುರೋಪಿನ ಊರುಗಳಲ್ಲಿ ಮಾಲ್ ಕಟ್ಟಿ ಹೆಸರು ಮಾಡಿದವರು. ಒಡೆತನ ಇಸ್ರೇಲಿನ ಎಲ್ಬಿಟ್ ಗುಂಪಿನದು. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ನಡ್ಕೊಂಡು ಹೋಗೋ ದೂರದಲ್ಲಿ ಒಂದು ಮಾಲ್ ಬಂತು.

2013ರ ಮೇ ತಿಂಗಳಲ್ಲಿ ಅಪ್ಪ ಪುಣೆಗೆ ಬಂದರು. ಮಗ ಹೇಗಿದ್ದಾನೆ ನೋಡಬೇಕಿತ್ತು. ನಾಲ್ಕು ಹುಡುಗರ ಮನೆ ತೋರಿಸೋಕೆ ನಾಚಿಕೆ ಆಗಿ ಮಾಲ್‌ಗೆ ಕರ್ಕೊಂಡು ಹೋದೆ. ಎಸ್ಕಲೇಟರ್ ಹತ್ತಿರ ಬಂದ ತಕ್ಷಣ ಅಪ್ಪ ನಿಂತುಬಿಟ್ಟರು. ಎತ್ತಿನ ಬಂಡಿಯಿಂದ ಜಿಗಿದವರು, ಬಾವಿಗೆ ಹಾರಿದವರು, ಆ ಓಡೋ ಮೆಟ್ಟಿಲಿಗೆ ಹೆದರಿದರು. ಹಿಂದೆ ಜನ ಸಾಲುಗಟ್ಟಿದರು. ನನಗೆ ಅವರ ಮೇಲೇ ಸಿಟ್ಟು ಬಂತು. ಇದನ್ನ ಹೇಳೋಕೆ ಈಗಲೂ ಕಷ್ಟ ಆಗುತ್ತೆ.

ಆಗ ಒರೆಸೋ ಕೋಲನ್ನ ಗೋಡೆಗೆ ಆನಿಸಿಟ್ಟು ಆ ಹೆಣ್ಣುಮಗಳು ಬಂದರು. ಕನ್ನಡದಲ್ಲೇ ಅಂದರು: "ಯಪ್ಪಾ, ಹೆದರಬ್ಯಾಡ್ರಿ. ಕಾಲ್ ನಾ ನೋಡ್ತೀನ್ರಿ, ನೀವ್ ಮುಂದ ನೋಡ್ರಿ."

ಅಪ್ಪ ಹತ್ತಿದರು. ಆಕೆಯೂ ಜೊತೆಗೇ ಮೇಲೆ ಬಂದರು. "ಯಾವೂರವ್ವಾ, ತಂಗಿ?" ಅಂದರು ಅಪ್ಪ. ಅಫಜಲಪುರ ಕಡೆಯವರಂತೆ. "ಭೀಮಾ ಹೊಳಿಯಾಗ ನೀರದಾವೇನು?" "ಹೊಳಿ ಒಣಗ್ಯಾದ್ರಿ. ಅದಕ್ಕಽ ಇಲ್ಲಿಗಿ ಬಂದೀವ್ರಿ." ಆ ವರ್ಷ ಎರಡೂ ಕಡೆ ಬರ ಇತ್ತು, ನೆನಪಿರಬಹುದು. ಮಾಲ್ ಹತ್ತಿರ ಹರಿಯೋ ಮುಳಾ-ಮುಠಾ ಮುಂದೆ ಹೋಗಿ ಭೀಮೆಗೆ ಸೇರುತ್ತೆ, ಭೀಮೆ ಅಫಜಲಪುರದ ಮೇಲೆ ಹಾದು ಹೋಗುತ್ತೆ. ಆಕೆ ನೀರಿನ ದಾರಿ ಹಿಡಿದು ಮೇಲಕ್ಕೆ ಬಂದಿದ್ದರು. ಅಪ್ಪ, ಆಕೆ ಇಬ್ಬರೂ ಜೋಳದ ಬೆಲೆ ಮಾತಾಡ್ಕೊಂಡು ನಿಂತರು. ನಾನು ಫೋನಿನಲ್ಲಿ ಮೆಸೇಜ್ ನೋಡ್ತಾ ನಿಂತೆ. ಆಕೆಯ ಹೆಸರು ಕೇಳಲಿಲ್ಲ.

ಇನ್ನು ಮಾಲ್ ಕಥೆಗೆ ಬರೋಣ. ಪೂರ್ವ ಪುಣೆಯಲ್ಲಿ ಆಗ ಏನಾಗ್ತಿತ್ತು ನೋಡಿ. 2011ರಲ್ಲಿ ನಗರ ರಸ್ತೆಯಲ್ಲಿ ಇನ್‌ಆರ್ಬಿಟ್ ಬಂತು. ಅದೇ ವರ್ಷ, ಅದೇ ರಸ್ತೆಯಲ್ಲಿ, ವಿಮಾನ ನಗರದಲ್ಲಿ ಫೀನಿಕ್ಸ್ ಮಾರ್ಕೆಟ್‌ಸಿಟಿ. ಅದೇ ವರ್ಷ ಹಡಪ್ಸರದಲ್ಲಿ ಅಮನೋರಾ. 2012ಕ್ಕೆ ನಮ್ಮ ಪ್ಲಾಝಾ. ಆಮೇಲೆ ಅಮನೋರಾದ ಎದುರಿಗೇ ಸೀಸನ್ಸ್. ಒಂದೇ ದಿಕ್ಕಿನಲ್ಲಿ, ಹೆಚ್ಚು ಕಡಿಮೆ ಒಂದೇ ಗಿರಾಕಿಗೆ ಐದು ಮಾಲ್. ನಮ್ಮೂರಲ್ಲಿ ಒಂದು ಓಣಿಯಲ್ಲಿ ಐದು ಕಿರಾಣಿ ಅಂಗಡಿ ಇಟ್ಟರೆ ಏನಾಗುತ್ತೋ ಅದೇ ಆಯ್ತು.

ಇನ್ನೊಂದು ಕಾರಣ ಈ ಸಭೆಯಲ್ಲೇ ಕೂತಿದೆ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್‌ನ ಮೊದಲ ಬಿಗ್ ಬಿಲಿಯನ್ ಡೇ ಆಯ್ತಲ್ಲ, ಅವತ್ತು ನಮ್ಮ ಆಫೀಸಿನಲ್ಲಿ ಬೆಳಿಗ್ಗೆಯಿಂದ ಯಾರೂ ಕೆಲಸ ಮಾಡಲಿಲ್ಲ, ಪೇಜ್ ರಿಫ್ರೆಶ್ ಮಾಡ್ತಾ ಕೂತಿದ್ವಿ. ನಾನಂತೂ ಆಗ ವಿದೇಶದ ಒಂದು ರಿಟೇಲ್ ಕಂಪನಿಯ ಚೆಕ್‌ಔಟ್ ಪುಟ ಟೆಸ್ಟ್ ಮಾಡೋ ಪ್ರಾಜೆಕ್ಟ್‌ನಲ್ಲಿದ್ದೆ. ರವಿವಾರ ಮಾಲ್‌ಗೆ ಹೋಗಿ ಶರ್ಟ್ ಹಾಕಿ ನೋಡೋದು, ಸೈಜ್ ಬರ್ಕೊಳ್ಳೋದು, ಮನೆಗೆ ಬಂದು ಇನ್ನೂರು ರೂಪಾಯಿ ಕಡಿಮೆಗೆ ಆರ್ಡರ್ ಮಾಡೋದು. ಮಾಲ್ ಖಾಲಿಯಾಯ್ತು ಅಂತ ಮರುಗೋ ಹಕ್ಕು ನನಗೆ ಎಷ್ಟಿದೆ ಅಂತ ಆಗಾಗ ಕೇಳ್ಕೊಳ್ತೀನಿ.

2015ರಲ್ಲಿ ಬೆಂಗಳೂರಿನ ನಿತೇಶ್ ಎಸ್ಟೇಟ್ಸ್ ಪ್ಲಾಝಾವನ್ನ ಕೊಂಡುಕೊಂಡಿತು. ಹೆಸರು ನಿತೇಶ್ ಹಬ್ ಅಂತಾಯ್ತು. 'ನಮ್ಮ ಬೆಂಗಳೂರಿನವರು ತಗೊಂಡ್ರು' ಅಂತ ರೂಮಿನಲ್ಲಿ ನಾವೇ ಏನೋ ಕೊಂಡ ಹಾಗೆ ಮಾತಾಡಿದ್ವಿ. ಆದರೆ ಬೋರ್ಡು ಬದಲಾದರೂ ಜನ ಕಡಿಮೆಯಾಗೋದು ನಿಲ್ಲಲಿಲ್ಲ. ಕೊನೆಗೆ ಒಂದು ದಿನ ಬಾಗಿಲು ಮುಚ್ಚಿತು.

ನಾನು ಕ್ಯಾಮೆರಾ ತಗೊಂಡು ಹೋಗೋಕೆ ಶುರು ಮಾಡಿದ್ದು 2016ರಲ್ಲಿ. ನಿಕಾನ್ ಡಿ3100, ಡಬ್ಬಿಯಲ್ಲಿ ಬರೋ ಅದೇ 18-55 ಲೆನ್ಸ್. ಇಂಟರ್ನೆಟ್ಟಿನಲ್ಲಿ ಅಮೆರಿಕದ ಸತ್ತ ಮಾಲ್‌ಗಳ ಫೋಟೋ ನೋಡಿದ್ದೆ. ಸೆಫ್ ಲಾಲೆಸ್ ಅನ್ನೋ ಹೆಸರಿನಲ್ಲಿ ಒಬ್ಬರು ತೆಗೀತಾರೆ. ಒಹಾಯೋದ ಆಕ್ರನ್ ಊರಲ್ಲಿ ರೋಲಿಂಗ್ ಏಕರ್ಸ್ ಅಂತ 1975ರ ಮಾಲ್, 2008ರಲ್ಲಿ ಮುಚ್ಚಿತ್ತು. ಒಡೆದ ಚಾವಣಿಯಿಂದ ಹಿಮ ಬಿದ್ದು, ನಿಂತ ಎಸ್ಕಲೇಟರ್ ಮೇಲೆ ಕೂತಿರೋ ಅವರ ಫೋಟೋ ನೋಡಿ ಒಂದು ವಾರ ತಲೆ ಕೆಟ್ಟಿತ್ತು. ಆ ಮಾಲ್ ಕೆಡವಿದ ಜಾಗದಲ್ಲಿ ಆಮೇಲೆ ಏನು ಬಂತು ಗೊತ್ತಾ? ಅಮೆಜಾನ್ ಗೋದಾಮು.

ನಾನೂ ಅಂಥದೇ ತೆಗೀಬೇಕು ಅಂತ ಹೊರಟೆ. ಎರಡು ವಾರಕ್ಕೊಮ್ಮೆ, ಅದೇ ಎಂಟು ಜಾಗ, ಅದೇ ಕೋನ. ಟ್ರೈಪಾಡ್ ತಂದರೆ ಗಾರ್ಡ್ "ಫೋಟೋ ಅಲೌಡ್ ನಹೀ ಹೈ" ಅಂತ ಓಡಿ ಬರ್ತಿದ್ದರು. ಕ್ಯಾಮೆರಾ ಕೊರಳಿಗೆ ಹಾಕ್ಕೊಂಡು, ಕೈಯಲ್ಲಿ ಐಸ್‌ಕ್ರೀಮ್ ಹಿಡಿದರೆ ಯಾರೂ ಕೇಳ್ತಿರಲಿಲ್ಲ.

ಹೀಗೆ ನೋಡ್ತಾ ನೋಡ್ತಾ ಮಾಲ್ ಸೊರಗೋದಕ್ಕೂ ಒಂದು ಕ್ರಮ ಇದೆ ಅಂತ ತಿಳೀತು. ಪುಣೆಯಲ್ಲಿ ಇನ್ನೂ ಎರಡು ಮೂರು ಕಡೆ ನೋಡಿದ್ದೀನಿ, ಎಲ್ಲ ಕಡೆ ಸುಮಾರು ಇದೇ ಕ್ರಮ. ಮೊದಲು ಮೂಲೆಯ ಅಂಗಡಿ ಖಾಲಿ. ಅದಕ್ಕೆ 'ಕಮಿಂಗ್ ಸೂನ್' ಅಂತ ಬಣ್ಣದ ವಿನೈಲ್ ಹಾಳೆ. ಆ ಹಾಳೆ ಬಿಸಿಲಿಗೆ ಬಿಳಿಚಿದರೂ ಯಾರೂ ಬರೋದಿಲ್ಲ. ಆಮೇಲೆ ಒಂದು ಬಿಟ್ಟು ಒಂದು ದೀಪ ಆರುತ್ತೆ. ಏಸಿ ಮಧ್ಯಾಹ್ನ ಮಾತ್ರ. ಮೇಲಿನ ಮಹಡಿಯ ಶೌಚಾಲಯಕ್ಕೆ ಬೀಗ. ಇಳಿಯೋ ಎಸ್ಕಲೇಟರ್ ನಿಲ್ಲುತ್ತೆ; ಹತ್ತೋದು ಇನ್ನೂ ಸ್ವಲ್ಪ ದಿನ ನಡೆಯುತ್ತೆ, ಯಾಕಂದ್ರೆ ಹತ್ತಿದ ಗಿರಾಕಿ ಏನಾದರೂ ಕೊಳ್ಳಬಹುದು. ದೊಡ್ಡ ಅಂಗಡಿ ಎದ್ದು ಹೋದ ಮೇಲೆ ಫುಡ್ ಕೋರ್ಟ್ ಉಳಿಯೋದಿಲ್ಲ. ಕಡೆಗೆ ಉಳಿಯೋರು ಗಾರ್ಡ್, ನೆಲ ಒರೆಸೋರು, ಪಾರಿವಾಳ.

ಇದು ಪುಣೆಯದಷ್ಟೇ ಕಥೆ ಅಲ್ಲ. ನೈಟ್ ಫ್ರಾಂಕ್ ಸಂಸ್ಥೆಯ ವರದಿಯೊಂದರ ಲೆಕ್ಕದಲ್ಲಿ, ನೂರರಲ್ಲಿ 40ಕ್ಕಿಂತ ಹೆಚ್ಚು ಜಾಗ ಖಾಲಿ ಇರೋ ಮಾಲ್‌ಗಳು ದೇಶದ ದೊಡ್ಡ ನಗರಗಳಲ್ಲಿ 2022ರಲ್ಲಿ 57 ಇದ್ದವು, 2023ಕ್ಕೆ 64 ಆದವು. ಅವನ್ನ 'ಭೂತ ಮಾಲ್' ಅಂತ ಕರೀತಾರೆ. ಎಲ್ಲವನ್ನೂ ಕೆಡವೋದಿಲ್ಲ. ನಗರ ರಸ್ತೆಯ ಇನ್‌ಆರ್ಬಿಟ್ ಈಗ 'ದಿ ಸ್ಕ್ವೇರ್' ಅನ್ನೋ ಆಫೀಸು ಕಟ್ಟಡ. ಈ ಸಭೆಯಲ್ಲಿ ಅಲ್ಲಿಗೆ ಕೆಲಸಕ್ಕೆ ಹೋಗೋರು ಇದ್ದೀರಾ? ಇಬ್ಬರು ಕೈ ಎತ್ತಿದ್ದಾರೆ. ನೀವು ಸ್ಟ್ಯಾಂಡ್‌ಅಪ್ ಮೀಟಿಂಗ್ ಮಾಡೋ ಜಾಗದಲ್ಲಿ ಯಾರೋ ಒಂದು ಕಾಲದಲ್ಲಿ ಪ್ಯಾಂಟ್ ಅಳತೆ ನೋಡ್ಕೊಂಡಿದ್ದಾರೆ. (ನಗು)

2019ರ ನವೆಂಬರ್‌ನಲ್ಲಿ ಅಪ್ಪ ಹೋದರು. ಹನ್ನೊಂದನೇ ದಿನಕ್ಕೆ ಚೌಕಟ್ಟು ಹಾಕಿಸೋಕೆ ಒಂದು ಒಳ್ಳೆ ಫೋಟೋ ಬೇಕಾಯ್ತು. ಮಗ ಫೋಟೋಗ್ರಾಫರ್ ಅಂತ ಊರಿಗೆಲ್ಲ ಗೊತ್ತು. ಹಾರ್ಡ್ ಡಿಸ್ಕ್ ತೆಗೆದು ಕೂತೆ. ನಾಲ್ಕು ಸಾವಿರದ ಚಿಲ್ಲರೆ ಫೋಟೋ. ಖಾಲಿ ಕಾರಿಡಾರ್, ಖಾಲಿ ಕುರ್ಚಿ, ಮುಚ್ಚಿದ ಶಟರ್, ಬಟ್ಟೆ ಇಲ್ಲದ ಬೊಂಬೆ. ಅಪ್ಪನದು ಒಂದೂ ಇಲ್ಲ. ಕಡೆಗೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ವಿ.

ಆಮೇಲೆ ಹಳೆ ಫೋನಿನ ಬ್ಯಾಕಪ್‌ನಲ್ಲಿ ನೀವು ಮೊದಲು ನೋಡಿದ ಆ ಅಲುಗಿದ ಫೋಟೋ ಸಿಕ್ಕಿತು. ರಾತ್ರಿ ಎರಡು ಗಂಟೆ. ಅದನ್ನ ಒಂದು ಕಿಟಕಿಯಲ್ಲಿ ಇಟ್ಟು, ನನ್ನ ಪ್ರಾಜೆಕ್ಟ್ ಫೋಟೋಗಳನ್ನ ಇನ್ನೊಂದು ಕಿಟಕಿಯಲ್ಲಿ ತೆಗೆದು ನೋಡಿದೆ. ಅಪ್ಪನ ಫೋಟೋ ಅಷ್ಟೇ ಅಲ್ಲ, ನಾಲ್ಕು ಸಾವಿರದಲ್ಲಿ ಒಂದು ಮುಖವೂ ಇಲ್ಲ.

ಅದು ತಾನಾಗಿ ಆದದ್ದಲ್ಲ. ನಾನೇ ಹಾಗೆ ಮಾಡಿದ್ದೆ. ಈ ಫೋಟೋ ನೋಡಿ, ಎರಡನೇ ಮಹಡಿಯ ಕಾರಿಡಾರ್. ನನ್ನ ಮೆಚ್ಚಿನ ಫೋಟೋ ಇದು, ಒಂದು ಪ್ರದರ್ಶನಕ್ಕೂ ಹೋಗಿತ್ತು. ನೆಲ ಕನ್ನಡಿ ತರ ಹೊಳೀತಿದೆ, ಚಾವಣಿಯ ಬೆಳಕು ಪೂರ್ತಿ ಕೆಳಗೆ ಕಾಣುತ್ತೆ. ಆ ಹೊಳಪು ಬಂದದ್ದು ಹೇಗೆ? ಆಗಷ್ಟೇ ಯಾರೋ ಒರೆಸಿದ್ದರು. ಅವರು ಫ್ರೇಮಿನಿಂದ ಆಚೆ ಹೋಗಲಿ ಅಂತ ನಾನು ಕಂಬದ ಪಕ್ಕ ಐದು ನಿಮಿಷ ಕಾದಿದ್ದೆ. ಅವರ ಕೆಲಸ ಬೇಕಾಗಿತ್ತು, ಅವರು ಬೇಕಾಗಿರಲಿಲ್ಲ. ಅದು ಅಫಜಲಪುರದ ಆಕೆಯೇ ಇರಬಹುದು, ಬೇರೆಯವರೂ ಇರಬಹುದು. ನಾನು ನೋಡಲಿಲ್ಲ, ನೆಲ ನೋಡ್ತಿದ್ದೆ.

ಊರಿಂದ ವಾಪಸ್ ಬಂದ ಮೇಲೆ ಆಕೆಯನ್ನ ಹುಡುಕೋಕೆ ಹೋದೆ. ಫೋಟೋದ ಒಂದು ಪ್ರಿಂಟ್ ಕೊಡಬೇಕಿತ್ತು. ಅಷ್ಟೊತ್ತಿಗೆ ಮಾಲ್ ಮುಚ್ಚಿತ್ತು. ಗೇಟಿನ ಗಾರ್ಡ್‌ಗೆ ಫೋಟೋ ತೋರಿಸಿದೆ. "ಹೌಸ್‌ಕೀಪಿಂಗ್ ಕಾಂಟ್ರ್ಯಾಕ್ಟ್‌ನವರು, ಎಲ್ಲಿಗೆ ಹೋದರೋ" ಅಂದರು. ಹೆಸರೇನು ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ದಿನಗಳಲ್ಲಿ ಮೈಕೆಲ್ ಗಲಿನ್‌ಸ್ಕಿ ಅನ್ನೋ ಅಮೆರಿಕನ್ನರ ಫೋಟೋಗಳು ಕಣ್ಣಿಗೆ ಬಿದ್ದವು. 1989ರಲ್ಲಿ ಅವರಿಗೆ ಇಪ್ಪತ್ತು ವರ್ಷ. ಕಾರು ಹತ್ತಿ ದೇಶ ಸುತ್ತುತ್ತಾ, ಮಾಲ್‌ಗಳು ಭರ್ತಿ ನಡೀತಿದ್ದಾಗ, ಅಲ್ಲಿನ ಜನರ ಫೋಟೋ ತೆಗೆದರು. ಬೆಂಚ್ ಮೇಲೆ ಬೇಸರದಿಂದ ಕೂತ ಗಂಡಸರು, ಹರಟೆ ಹೊಡೆಯೋ ಹುಡುಗಿಯರು, ಚೀಲ ಹಿಡಿದ ಅಮ್ಮಂದಿರು. ಮಾಲ್‌ನಲ್ಲಿ ಫೋಟೋ ತೆಗೆಯೋದೇನಿದೆ ಅಂತ ಎಲ್ಲರೂ ಅಂದುಕೊಳ್ಳೋ ಕಾಲ ಅದು. ಅವು ಪುಸ್ತಕವಾಗಿ ಬಂದದ್ದು 2013ರಲ್ಲಿ, ಅಂದ್ರೆ 24 ವರ್ಷ ಆದ ಮೇಲೆ. ಲಾಲೆಸ್ ಫೋಟೋ ನೋಡಿದರೆ ಕಟ್ಟಡದ ಬಗ್ಗೆ ಅಯ್ಯೋ ಅನ್ಸುತ್ತೆ. ಗಲಿನ್‌ಸ್ಕಿ ಫೋಟೋದಲ್ಲಿ ಜನ ತಮ್ಮ ಅಕ್ಕನನ್ನ, ಮಾವನನ್ನ ಹುಡುಕ್ತಾರೆ. ನಾನು ಯಾವ ದಾರಿ ತಪ್ಪಿದ್ದೆ ಅಂತ ಆಗ ಗೊತ್ತಾಯ್ತು.

ಕೊರೊನಾ ಎಲ್ಲ ಮುಗಿದ ಮೇಲೆ ಅದೇ ಮಾಲ್‌ನಲ್ಲಿ ಕೆಲಸ ಶುರುವಾಯ್ತು. ಒಳಗಿನದೆಲ್ಲ ಕಿತ್ತು ಹೊಸದು ಮಾಡೋ ಕೆಲಸ. ಸುತ್ತ ತಗಡು ಹೊಡೆದಿದ್ದರು. ಒಳಗೆ ಬಿಡೋ ಹಾಗಿರಲಿಲ್ಲ. ಎದುರಿನ ಚಹಾ ಟಪರಿ ಹತ್ತಿರ ನಿಂತೆ. ಮಧ್ಯಾಹ್ನ ಊಟದ ಹೊತ್ತಿಗೆ ಏಳೆಂಟು ಜನ ಕೂಲಿಗಳು ಬಂದರು. ಮೈಯೆಲ್ಲ ಬಿಳಿ ಧೂಳು. ಮಾತು ಕೇಳಿದರೆ ಕನ್ನಡ. ಸುರಪುರ, ಶಹಾಪುರ ಕಡೆಯವರು. ಪುಣೆಯ ಯಾವ ಸೈಟಿಗೆ ಹೋದರೂ ಕಲಬುರಗಿ, ಯಾದಗಿರಿ ಕಡೆಯ ಕನ್ನಡ ಕಿವಿಗೆ ಬೀಳುತ್ತೆ, ನೀವು ಕೇಳಿರ್ತೀರಿ. ಅಥವಾ ನನ್ನ ಹಾಗೆ ಹೆಡ್‌ಫೋನ್ ಹಾಕ್ಕೊಂಡು ಹೋಗಿರ್ತೀರಿ.

ಕೀಳೋದಕ್ಕೂ ಕ್ರಮ ಇದೆ ಅಂತ ಅವರು ಹೇಳಿದರು. "ಮೊದಲ ತಾಮ್ರ. ವಯರ್ ಎಲ್ಲಾ ಜಗ್ಗೋದು. ಆಮ್ಯಾಲ ಅಲ್ಯುಮಿನಿ, ಕಿಟಕಿ ಚೌಕಟ್ಟು. ಆಮ್ಯಾಲ ಏಸಿ ಗಾಳಿ ಬರೋ ತಗಡು, ಕಬ್ಬಿಣ. ಕಾಜು ಹುಷಾರಿಂದ ತೆಗೀಬೇಕ್ರಿ. ಮ್ಯಾಲಿನ ಪಿಒಪಿಗಿ ಯಾರೂ ರೊಕ್ಕ ಕೊಡಂಗಿಲ್ರಿ, ಅದು ರಾಡಾರೋಡಾ." ಪುಣೆಯಲ್ಲಿ ಕಟ್ಟಡದ ಅವಶೇಷಕ್ಕೆ ರಾಡಾರೋಡಾ ಅಂತಾರಲ್ಲ, ಆ ಮರಾಠಿ ಶಬ್ದ ಅವರ ಬಾಯಲ್ಲಿ ಕನ್ನಡವೇ ಆಗಿತ್ತು. ನೋಡಿ, ಮಾಲ್ ನಡೆಯುವಾಗ ಎಲ್ಲರ ಕಣ್ಣಿಗೆ ಬೀಳೋದು ಆ ಚಾವಣಿ ಅಲಂಕಾರ. ಕೆಡವಿದ ದಿನ ಅದಕ್ಕೆ ಕಿಲೋಗೆ ಒಂದು ರೂಪಾಯಿಯೂ ಇಲ್ಲ. ಬೆಲೆ ಇರೋದು ಗೋಡೆಯೊಳಗೆ ಕಾಣದ ಹಾಗೆ ಇದ್ದ ತಂತಿಗೆ.

ಅವರಲ್ಲಿ ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೆರಡು ವಯಸ್ಸಿರಬೇಕು. ನಾನು ಈ ಮಾಲ್‌ಗೆ ಪ್ರತಿ ವಾರ ಬರ್ತಿದ್ದೆ ಅಂದೆ. ಅವನು ಸಹಜವಾಗಿ ಅಂದ: "ನಾ ಮಾಲ್ ಒಳಗ ಬಂದಿದ್ದು ಇದಽ ಮೊದಲ್ರಿ, ಸರ."

ನಾನು ಮಾಲ್‌ನಲ್ಲಿ ಯಾರೂ ಏನೂ ಕೇಳೋದಿಲ್ಲ ಅಂತ ಆಗಲೇ ಹೇಳಿದೆನಲ್ಲ. ಅದು ನನ್ನನ್ನ ಕೇಳ್ತಿರಲಿಲ್ಲ, ಅಷ್ಟೇ. 1999ರಲ್ಲಿ ಮುಂಬೈನ ಹಾಜಿ ಅಲಿ ಹತ್ತಿರ ಕ್ರಾಸ್‌ರೋಡ್ಸ್ ಮಾಲ್ ತೆರೆದಾಗ ನೂಕುನುಗ್ಗಲು ತಡೆಯೋಕೆ ಅಂತ ಬಾಗಿಲಲ್ಲಿ ಮೊಬೈಲ್ ಫೋನೋ ಕ್ರೆಡಿಟ್ ಕಾರ್ಡೋ ತೋರಿಸಿ ಅಂತಿದ್ದರು, ಇಲ್ಲದವರು ದುಡ್ಡು ಕೊಟ್ಟು ಒಳಗೆ ಹೋಗಬೇಕಿತ್ತು. ಆಮೇಲೆ ಆ ನಿಯಮ ಹೋಯ್ತು. ಆದರೆ ಯಾರು ಒಳಗೆ ಹೋಗಬಹುದು ಅನ್ನೋ ಅಳುಕು ಜನರ ಮನಸ್ಸಿನಲ್ಲೇ ಉಳೀತು. ಆ ಹುಡುಗ ಮಾಲ್ ಒಳಗೆ ಕಾಲಿಟ್ಟದ್ದು ಅದನ್ನ ಒಡೆಯೋಕೆ.

ಅವತ್ತು ಅವರ ಫೋಟೋ ತೆಗೆದೆ. ಕೇಳಿ ತೆಗೆದೆ. ಹೆಸರು, ಊರು ಬರ್ಕೊಂಡೆ. ಮುಂದಿನ ವಾರ ಎಂಟೂ ಜನಕ್ಕೆ ಪ್ರಿಂಟ್ ಕೊಟ್ಟೆ. ಒಂದು ಪ್ರಿಂಟಿಗೆ ಹದಿನೈದು ರೂಪಾಯಿ. ಮುಕಾದಮರು ತಮ್ಮ ಫೋಟೋವನ್ನ ತಿರುಗಿಸಿ ಹಿಂದೆ ನೋಡಿದರು. "ಇಲ್ಲಿ ಸೈಟಿನ ಹೆಸರು, ತಾರೀಖು ಬರೀರಿ ಸರ. ನಾವು ಎಲ್ಲೆಲ್ಲಿ ದುಡದೀವಿ ಅಂತ ಮಕ್ಕಳಿಗಿ ಗೊತ್ತಾಗಲಿ" ಅಂದರು. ಬರೆದುಕೊಟ್ಟೆ. ಫೋಟೋ ಯಾಕೆ ತೆಗೀಬೇಕು ಅನ್ನೋದಕ್ಕೆ ಇದಕ್ಕಿಂತ ನೆಟ್ಟಗೆ ಯಾರೂ ನನಗೆ ಹೇಳಿಲ್ಲ.

ಇನ್ನೊಂದು ಕೆಡವಿದ ಕಥೆ ನಿಮಗೆಲ್ಲ ಗೊತ್ತಿರೋದೇ. 2022ರ ಅಕ್ಟೋಬರ್ 2, ನಡುರಾತ್ರಿ ಒಂದು ಗಂಟೆ ಸುಮಾರಿಗೆ ಚಾಂದನಿ ಚೌಕದ ಹಳೆ ಸೇತುವೆ ಸ್ಫೋಟಿಸಿದರು. ಸುಮಾರು 600 ಕಿಲೋ ಸ್ಫೋಟಕ. ಒಂದು ತಿಂಗಳ ಹಿಂದಷ್ಟೇ ನೋಯ್ಡಾದ ಅವಳಿ ಗೋಪುರ ಬೀಳಿಸಿದ್ದ ಕಂಪನಿಯೇ ಇಲ್ಲಿಗೂ ಬಂದಿತ್ತು. ಊರಿಗೆ ಊರೇ ಮೊಬೈಲ್ ಹಿಡಿದು ಕಾದಿತ್ತು. ಸೇತುವೆ ಅಂದುಕೊಂಡ ಹಾಗೆ ಪೂರ್ತಿ ಬೀಳಲಿಲ್ಲ, ಒಳಗಿನ ಕಬ್ಬಿಣ ಗಟ್ಟಿ ಇತ್ತು, ಉಳಿದದ್ದನ್ನ ಯಂತ್ರ ತಂದು ಒಡೆದರು. ನಾನೂ ವಿಡಿಯೋ ಮಾಡಿದೆ. ಮನೆಗೆ ಬಂದು ಯೋಚಿಸಿದೆ. ಬೆಳಗಾವಿಗೆ, ಹುಬ್ಬಳ್ಳಿಗೆ, ಬೆಂಗಳೂರಿಗೆ ಹೋಗೋ ನಮ್ಮ ದಾರಿಯ ಸೇತುವೆ ಅದು. ಹಬ್ಬಕ್ಕೆ ಬಸ್ಸು ಕಾಯ್ತಾ, ಅಮ್ಮ ಕಟ್ಟಿಕೊಟ್ಟ ರೊಟ್ಟಿ ಗಂಟು ಹಿಡಿದು ನೂರು ಸಲ ಆ ಕಡೆ ನಿಂತಿದ್ದೀನಿ. ಬೀಳೋ ಮುಂಚಿನ ಒಂದು ಫೋಟೋ ನನ್ನ ಹತ್ತಿರ ಇಲ್ಲ. ಅಲ್ಲಿ ನನ್ನ ಜೊತೆ ಬಸ್ಸು ಕಾಯ್ತಿದ್ದವರದಂತೂ ಇಲ್ಲವೇ ಇಲ್ಲ.

ಈಗ ಆ ಮಾಲ್ ಜಾಗದಲ್ಲಿ ಕೋಪಾ ಅನ್ನೋ ಹೊಸ ಮಾಲ್ ಇದೆ. ಜನ ತುಂಬಿ ತುಳುಕ್ತಾರೆ. ಮೊನ್ನೆ ಹೆಂಡತಿ, ಮಗಳ ಜೊತೆ ಹೋಗಿದ್ದೆ. ಮಗಳು ಎಸ್ಕಲೇಟರ್ ಮೇಲೆ ಓಡಿ ಹತ್ತಿದಳು. ಅಪ್ಪ ನಿಂತಿದ್ದ ಜಾಗ ಯಾವುದು ಅಂತ ಹುಡುಕಿದೆ, ಗೊತ್ತಾಗಲಿಲ್ಲ. ನೆಲ ಒರೆಸ್ತಿದ್ದ ಒಬ್ಬರನ್ನ ಮಾತಾಡಿಸಿದೆ. ಲಾತೂರ್ ಕಡೆಯವರು. ಈಗ ನನಗೆ ಮರಾಠಿ ಬರುತ್ತೆ. ಹೆಸರು ಕೇಳಿದೆ, ಹೇಳಿದರು. ಮಗಳು ಅವರ ಜೊತೆ ನಿಂತು ಒಂದು ಫೋಟೋ ತೆಗೆಸಿಕೊಂಡಳು. ಅದನ್ನ ಪ್ರಿಂಟ್ ಹಾಕಿಸಿ ಕೊಟ್ಟು ಬಂದಿದ್ದೀನಿ.

ನಿಮ್ಮಲ್ಲಿ ಕ್ಯಾಮೆರಾ ಹುಚ್ಚಿನವರು ಇದ್ದರೆ ನನ್ನ ಅನುಭವದ ಮಾತು ಇಷ್ಟೇ. ಬೀಳೋ ದಿನಕ್ಕೆ ಕಾಯಬೇಡಿ, ಅವತ್ತು ಎಲ್ಲರೂ ಬರ್ತಾರೆ. ನಡೀತಿರೋವಾಗಲೇ ಹೋಗಿ. ನೀವು ಚಹಾ ಕುಡಿಯೋ ಟಪರಿ, ಮೆಸ್, ಪಿಜಿ, ಕಂಪನಿ ಬಸ್ ಸ್ಟಾಪ್ ಯಾವುದೂ ಹತ್ತು ವರ್ಷ ಇರೋ ಗ್ಯಾರಂಟಿ ಇಲ್ಲ. ಜನ ಫ್ರೇಮಿನಿಂದ ಹೋಗಲಿ ಅಂತ ಕಾಯಬೇಡಿ, ಬರಲಿ ಅಂತ ಕಾಯಿರಿ. ಕೇಳಿ ತೆಗೀರಿ. ಒಂದು ಪ್ರಿಂಟ್ ಕೊಡಿ. ಹಿಂದೆ ಹೆಸರು ಬರೀರಿ.

ಕೊನೆಗೆ ಮತ್ತೆ ಆ ಮೊದಲಿನ ಫೋಟೋ. ಇದರ ಪ್ರಿಂಟ್ ನಮ್ಮ ಮನೆ ಗೋಡೆ ಮೇಲಿದೆ. ಹಿಂದೆ ಹೀಗೆ ಬರೆದಿದ್ದೀನಿ: 'ಅಪ್ಪ, ಪುಣೆ, ಮೇ 2013. ಜೊತೆಗೆ ಅಫಜಲಪುರದ' ಅಂತ. ಅಲ್ಲಿಂದ ಮುಂದೆ ಜಾಗ ಬಿಟ್ಟಿದ್ದೀನಿ. ಇನ್ನೊಂದು ಪ್ರಿಂಟ್ ಲಕೋಟೆಯಲ್ಲಿದೆ. ಈ ವಿಡಿಯೋವನ್ನ ಅಫಜಲಪುರ ಕಡೆಯವರು ಯಾರಾದರೂ ನೋಡಿದರೆ, 2013ರಲ್ಲಿ ಪುಣೆಯ ಮಾಲ್‌ನಲ್ಲಿ ದುಡಿದ ಅಕ್ಕ ನಿಮ್ಮ ಓಣಿಯಲ್ಲಿ ಇದ್ದರೆ, ಆ ಧೋತರದ ಅಜ್ಜನ ಮಗ ಹುಡುಕ್ತಿದ್ದಾನೆ ಅಂತ ದಯವಿಟ್ಟು ಹೇಳಿ.